ಅಪ್‌ಟೈಮ್ ರಾಯರು

ಬೆಂಗಳೂರಿನ ಯಾವ ಹಳೇ ಸಾಫ್ಟ್‌ವೇರ್ ಕಚೇರಿಗೆ ಬೇಕಾದರೂ ಹೋಗಿ ನೋಡಿ. ಎಸಿ ಮೈ ನಡುಗಿಸುವ ಮೂಲೆಕೋಣೆಯಲ್ಲಿ, ಏಪ್ರಿಲ್ ತಿಂಗಳಲ್ಲೂ ಮಫ್ಲರ್ ಸುತ್ತಿಕೊಂಡು ಕೂತಿರುವವರೇ ಅಪ್‌ಟೈಮ್ ರಾಯರು. ಹೆಸರು ಬೇರೆಯಿದ್ದೀತು, ಜಾತಕ ಒಂದೇ. ಬೆಳಿಗ್ಗೆ ಬಂದವರು ಚಪ್ಪಲಿ ಹೊರಗೆ ಬಿಟ್ಟು, ಕೀಲಿಮಣೆಯಲ್ಲಿ ‘ಅಪ್‌ಟೈಮ್’ ಎಂದು ಒತ್ತುತ್ತಾರೆ. ಸರ್ವರ್ ನಿಲ್ಲದೆ ಎಷ್ಟು ದಿನದಿಂದ ಓಡುತ್ತಿದೆ ಎಂಬ ಲೆಕ್ಕ ಪರದೆಗೆ ಬರುತ್ತದೆ. ಅದರ ದರ್ಶನವಾದ ಮೇಲೆಯೇ ಕಾಫಿ. ಸದ್ಯಕ್ಕೆ ಮೂರು ಸಾವಿರ ದಿನ ದಾಟಿದೆ.

ಆಯುಧಪೂಜೆಗೆ ಎಲ್ಲರೂ ಯಂತ್ರ ನಿಲ್ಲಿಸಿ, ಒರೆಸಿ, ಕುಂಕುಮ ಹಚ್ಚಿದರೆ ರಾಯರು ಓಡುತ್ತಿರುವ ಸರ್ವರ್‌ಗೇ ಹಚ್ಚುತ್ತಾರೆ, ಪುಡಿ ಫ್ಯಾನಿನೊಳಗೆ ಹೋಗದಂತೆ ಅಂಗೈ ಅಡ್ಡ ಹಿಡಿದು. ನಂದಾದೀಪ ಕಾಯುವ ಅರ್ಚಕರಿಗೂ ಇಷ್ಟು ಆತಂಕವಿರಲಾರದು.

ರಾಯರಿಗೆ ಪ್ರಾಯದಲ್ಲೊಂದು ಪೆಟ್ಟು ಬಿದ್ದಿದೆ. ಹಳೆಯ 32 ಬಿಟ್ ಲಿನಕ್ಸ್ ಸೆಕೆಂಡಿಗೆ 100 ಟಿಕ್ಕಿನಂತೆ ಎಣಿಸುತ್ತಿತ್ತು. 497 ದಿನಕ್ಕೆ ಎಣಿಸುವ ಜಾಗವೇ ತುಂಬಿ, ಲೆಕ್ಕ ಮತ್ತೆ ಸೊನ್ನೆಯಿಂದ ಶುರುವಾಗುತ್ತಿತ್ತು. ಯಂತ್ರ ನಿಂತಿಲ್ಲ, ದಾಖಲೆ ಮಾತ್ರ ಹೋಯಿತು! ಅಂದು ರಾಯರು ಊಟ ಬಿಟ್ಟರಂತೆ. ಮರುದಿನದಿಂದ ಒಂದು ಡೈರಿ ಇಟ್ಟು, ಪರದೆ ತೋರಿಸಿದ್ದಕ್ಕೆ 497 ಕೂಡಿಸಿ ಬರೆಯತೊಡಗಿದರು. ಆ ಕಾಲದ ವಿಂಡೋಸ್ 95 ಆದರೋ 49.7 ದಿನಕ್ಕೇ ಸ್ತಬ್ಧವಾಗುತ್ತಿತ್ತು. ಅಷ್ಟು ದಿನ ಅದನ್ನು ಓಡಿಸುವ ಧೈರ್ಯ ಯಾರಿಗಿತ್ತು ಎನ್ನುವುದು ಬೇರೆ ಮಾತು.

“ಸರ್, ಸೆಕ್ಯುರಿಟಿ ಅಪ್‌ಡೇಟ್ ಬಂದಿದೆ, ರೀಬೂಟ್ ಮಾಡಬೇಕು” ಎಂದರೆ ರಾಯರು ಪಂಚಾಂಗ ತೆಗೆಯುತ್ತಾರೆ. ಸೋಮವಾರ ಕೆಲಸ ಜಾಸ್ತಿ. ಶುಕ್ರವಾರ ಮಾಡಿ ಏನಾದರೂ ಆದರೆ ಶನಿವಾರ ಬರುವವರಾರು? ತಿಂಗಳ ಕೊನೆ ಸಂಬಳದ ಗಡಿಬಿಡಿ, ಮಾರ್ಚ್ ಪೂರ್ತಿ ಆಡಿಟ್. ಕೊನೆಗೆ ಉಳಿಯುವ ಒಂದೇ ಬುಧವಾರ ಅಮಾವಾಸ್ಯೆ.

ಅವರ ಪಾಲಿನ ಅಮೃತ ಲೈವ್ ಪ್ಯಾಚ್. ಓಡುತ್ತಿರುವ ಕರ್ನೆಲ್ಲಿನ ದೋಷದ ಭಾಗವನ್ನು ಯಂತ್ರ ನಿಲ್ಲಿಸದೆಯೇ ಬದಲಾಯಿಸುವ ಈ ಉಪಾಯ 2015ರಲ್ಲಿ ಲಿನಕ್ಸಿನೊಳಗೇ ಸೇರಿತು. ಮರುವರ್ಷ ‘ಡರ್ಟಿ ಕೌ’ ಎಂಬ ತೂತು ಬಯಲಾಯಿತು. ಅದು 2007ರಿಂದ ಅಲ್ಲೇ ಇತ್ತು. ಪಕ್ಕದ ಕಚೇರಿಯವರೆಲ್ಲ ರಾತ್ರಿ ಕೂತು ರೀಬೂಟ್ ಮಾಡುತ್ತಿದ್ದರೆ ರಾಯರು ತೇಪೆ ಹಾಕಿ ಎಂಟಕ್ಕೆ ಮನೆ ಸೇರಿದರು. ಆದರೆ 2018ರ ಜನವರಿಯಲ್ಲಿ ಬಂದ ‘ಮೆಲ್ಟ್‌ಡೌನ್’ ಪ್ರೊಸೆಸರಿನ ದೋಷ, ತೇಪೆಗೆ ಬಗ್ಗುವಂಥದ್ದಲ್ಲ. ರಾಯರು ಒಂದು ದಿನ ಯೋಚಿಸಿ, ಸರ್ವರಿನ ನೆಟ್‌ವರ್ಕ್ ಕೇಬಲ್ ಕಿತ್ತರು. ಇನ್ನು ಯಾವ ಕಳ್ಳನೂ ಒಳಗೆ ಬರುವಂತಿಲ್ಲ. ಕಚೇರಿಯವರೂ ಬರುವಂತಿಲ್ಲ. “ಸರ್ವರ್ ಡೌನ್ ಆಗಿದೆ!” ಎಂದು ಮ್ಯಾನೇಜರ್ ಓಡಿಬಂದಾಗ ರಾಯರಿಗೆ ನಿಜಕ್ಕೂ ನೋವಾಯಿತು. “ಅಪ್ ಇದೆ ಕಣ್ರೀ, ನೋಡಿ ಬೇಕಾದರೆ.”

ಇದಿಷ್ಟನ್ನು ಹಟ ಎಂದು ನಗಬಹುದು. ನನಗನ್ನಿಸುವುದು ಬೇರೆ. ರಾಯರನ್ನು ಕಾಡುವುದು ದಾಖಲೆಯಲ್ಲ, ಭಯ. ಆರಿಸಿದರೆ ಅದು ಮತ್ತೆ ಎದ್ದೀತೇ? ವರ್ಷಗಟ್ಟಲೆ ಯಾರು ಯಾರೋ ಕೈಯಲ್ಲೇ ಕಮಾಂಡ್ ಕೊಟ್ಟು ಸರಿಮಾಡಿದ್ದು ಮೆಮೊರಿಯಲ್ಲಿದೆ, ಯಾವ ಫೈಲಿನಲ್ಲೂ ಇಲ್ಲ. ಸಂಬಳದ ಲೆಕ್ಕ ಮಾಡುವ ಪ್ರೋಗ್ರಾಮನ್ನು ಒಬ್ಬ ಹುಡುಗ ‘ಈಗಿನ ಮಟ್ಟಿಗೆ’ ಎಂದು ಶುರುಮಾಡಿ ಹೋದ. ಅವನೀಗ ನ್ಯೂಜೆರ್ಸಿಯಲ್ಲಿ ಮನೆ ಕೊಂಡಿದ್ದಾನೆ, ಪ್ರೋಗ್ರಾಮ್ ಓಡುತ್ತಲೇ ಇದೆ. ಅದನ್ನು ಮತ್ತೆ ಶುರುಮಾಡುವುದು ಹೇಗೆಂದು ಯಾರಿಗೂ ತಿಳಿಯದು. ಹಾರ್ಡ್‌ಡಿಸ್ಕ್ ಬೇರೆ ಹಳೆಯದು. ತಿರುಗುತ್ತಿರುವಷ್ಟು ದಿನ ತಿರುಗುತ್ತದೆ, ನಿಂತರೆ ನಿಂತಿತು. ದಿನ ಹೆಚ್ಚಿದಂತೆ ರೀಬೂಟಿನ ಅಪಾಯವೂ ಹೆಚ್ಚು, ಅಪಾಯ ಹೆಚ್ಚಿದಂತೆ ದಿನಗಳೂ ಹೆಚ್ಚು. ಈ ಸುಳಿಗೇ ಕಚೇರಿಯವರು ‘ಸ್ಥಿರತೆ’ ಎಂದು ಹೆಸರಿಟ್ಟು ರಾಯರಿಗೆ ಶಾಲು ಹೊದಿಸಿದ್ದಾರೆ.

ಬೋಯಿಂಗ್ 787ರ ಮಾತು ಅವರೆದುರು ಎತ್ತಬೇಡಿ. 248 ದಿನ ಸತತವಾಗಿ ವಿದ್ಯುತ್ ಹರಿದರೆ ಅದರ ಜನರೇಟರ್‌ಗಳು ಒಟ್ಟಿಗೇ ಕೈಕೊಡಬಹುದೆಂದು 2015ರಲ್ಲಿ ಅಮೆರಿಕದ ವಿಮಾನಯಾನ ಆಡಳಿತವೇ ಎಚ್ಚರಿಸಿ, ಆಗಾಗ ಪೂರ್ತಿ ಆರಿಸಿ ಹಚ್ಚಿರೆಂದು ಆದೇಶಿಸಿತು. “ವಿಮಾನಕ್ಕೇನ್ರೀ, ಅದು ಹೇಗೂ ಇಳಿಯಲೇಬೇಕು” ಎನ್ನುತ್ತಾರೆ ರಾಯರು.

ಮೊನ್ನೆ ಹೊಸದಾಗಿ ಸೇರಿದ ಹುಡುಗಿ ಹೇಳಿದಳು: “ಸರ್, ಹೊಸ ಕರ್ನೆಲ್ ಹಾಕಿ ರೀಬೂಟ್ ಮಾಡೋಣ. ಅದರಲ್ಲಿ ಟೈಮ್ ನೇಮ್‌ಸ್ಪೇಸ್ ಅಂತ ಇದೆ. ನಿಮ್ಮ ಶೆಲ್ಲನ್ನ ಅದರೊಳಗೆ ಇಟ್ಟರೆ ಅಪ್‌ಟೈಮ್ ಎಷ್ಟು ದಿನ ಬೇಕೋ ಅಷ್ಟು ತೋರಿಸತ್ತೆ.”

ರಾಯರ ಮುಖ ಕೆಂಪಾಯಿತು. “ಅದು ಮೋಸ ಅಲ್ವೇನಮ್ಮಾ?”

“ಹೌದು ಸರ್.”

ರಾಯರು ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿ ಬಂದರು. “ಹಳೇ ಬಾಕಿ ಒಂದು 497 ಇದೆ,” ಎಂದರು, “ಅದನ್ನೂ ಸೇರಿಸೋಕಾಗತ್ತಾ?”