ತಿರುವಿನಾಚೆಯ ಪೊಲೀಸಪ್ಪ: ಒಂದು ಪ್ರಮಾಣಮೀಮಾಂಸೆ

ಕಾನೂನು ಪುಸ್ತಕದಲ್ಲಿದೆ ಎಂಬುದು ಪೂರ್ವಪಕ್ಷ. 1988ರ ಮೋಟಾರು ವಾಹನ ಕಾಯ್ದೆಯ 129ನೇ ಸೆಕ್ಷನ್ ಹೆಲ್ಮೆಟ್ ಕಡ್ಡಾಯ ಎನ್ನುತ್ತದೆ, ಆದ್ದರಿಂದ ಸವಾರನು ಅದನ್ನು ಸದಾ ಧರಿಸತಕ್ಕದ್ದು ಎಂದು ಇವರ ವಾದ. ಇವರಲ್ಲಿ ಯಾರೂ ಬೈಕ್ ಓಡಿಸಿದಂತೆ ಕಾಣುವುದಿಲ್ಲ. ನಮ್ಮ ಸಿದ್ಧಾಂತ ಬೇರೆ: ಕಾನೂನು ಗ್ರಂಥವಲ್ಲ, ಮನುಷ್ಯ. ಬಿಳಿ ಅಂಗಿ, ಖಾಕಿ ಪ್ಯಾಂಟು ತೊಟ್ಟು ಮರದ ನೆರಳಲ್ಲಿ ನಿಂತಿರುತ್ತದೆ. ಮಧ್ಯಾಹ್ನ ಒಂದೂವರೆಗೆ ಊಟಕ್ಕೆ ಹೋಗುತ್ತದೆ.

ಅದರ ಇರವನ್ನು ಅರಿಯುವುದು ಹೇಗೆ? ನೈಯಾಯಿಕರ ನಾಲ್ಕು ಪ್ರಮಾಣಗಳಲ್ಲಿ ಪ್ರತ್ಯಕ್ಷ ದುಬಾರಿ. ಕಣ್ಣಿಗೆ ಬೀಳುವ ಹೊತ್ತಿಗೆ ಕೀ ಪೊಲೀಸಪ್ಪನ ಕೈಯಲ್ಲಿರುತ್ತದೆ. ಅನುಮಾನವೇ ಶ್ರೇಷ್ಠ. ಬೆಟ್ಟದ ಮೇಲಿನ ಹೊಗೆ ಕಂಡು ಬೆಂಕಿಯನ್ನು ಊಹಿಸುವಂತೆ, ಎದುರು ಬರುವವನು ಹಟ್ಟಹಗಲಲ್ಲಿ ಹೆಡ್‌ಲೈಟ್ ಮಿಟುಕಿಸಿದರೆ ತಿರುವಿನಾಚೆ ಪೊಲೀಸರನ್ನು ಊಹಿಸತಕ್ಕದ್ದು. ಆಗ ಮೊಣಕೈಯಲ್ಲಿದ್ದ ಹೆಲ್ಮೆಟ್ ತಲೆಗೇರುತ್ತದೆ. (ಮೊಣಕೈಯೂ ಮೂಳೆಯದೇ. ಕಾಯ್ದೆಗೆ ತಲೆಯ ಮೇಲೇ ಯಾಕಿಷ್ಟು ಮಮತೆಯೋ!) ಇನ್ನು ಶಬ್ದಪ್ರಮಾಣ: "ಮುಂದೆ ಹಿಡೀತಾವ್ರೆ!" ಹೇಳಿದವನು ಯಾರೋ ಏನೋ, ಆದರೂ ವೇದವಾಕ್ಯ.

ತೌಲನಿಕವಾಗಿ ನೋಡೋಣ. ಜರ್ಮನಿಯಲ್ಲಿ ನಡುರಾತ್ರಿ ಖಾಲಿ ರಸ್ತೆಯಲ್ಲೂ ಕೆಂಪು ದೀಪಕ್ಕೆ ನಿಲ್ಲುವ ಪಾದಚಾರಿಗಳುಂಟು. ದಾಟಿದರೆ ದಂಡ ಬರೀ 5 ಯೂರೋ. ಅದಕ್ಕಿಂತ ಭಯಂಕರವಾದದ್ದು ಮಕ್ಕಳಿಗೆ ಮಾದರಿಯಾಗಿರಿ ಎನ್ನುವ ಅಲ್ಲಿನ ಫಲಕ. ನಮ್ಮಲ್ಲಿ ಮಗುವನ್ನು ಟ್ಯಾಂಕಿನ ಮೇಲೆಯೇ ಕೂರಿಸುವುದರಿಂದ ಅದು ಮಾದರಿಯನ್ನು ಇನ್ನೂ ಹತ್ತಿರದಿಂದ ನೋಡುತ್ತದೆ. ಫಿನ್ಲೆಂಡಿನಲ್ಲಿ ವೇಗ ತೀರಾ ಮೀರಿದರೆ ಆದಾಯ ನೋಡಿ ದಂಡ ಹಾಕುತ್ತಾರೆ. ನೋಕಿಯಾದ ನಿರ್ದೇಶಕರೊಬ್ಬರು 50ರ ಮಿತಿಯಲ್ಲಿ 75ರಲ್ಲಿ ಬೈಕ್ ಓಡಿಸಿದ್ದಕ್ಕೆ 2002ರಲ್ಲಿ 1,16,000 ಯೂರೋ ಬಿತ್ತು. ಮೇಲ್ಮನವಿಯಲ್ಲಿ ಬಹಳಷ್ಟು ಇಳಿಯಿತೆನ್ನಿ. ಇದನ್ನು ಕೇಳಿದ ನಮ್ಮ ಟೀ ಅಂಗಡಿ ವಿದ್ವತ್ಸಭೆ ಎತ್ತಿದ ಪ್ರಶ್ನೆ ಒಂದೇ: "ಅಷ್ಟು ದೊಡ್ ಮನುಷ್ಯಂಗೆ ಯಾರೂ ಪರಿಚಯ ಇರ್ಲಿಲ್ವಾ?"

ಇಂಗ್ಲಿಷರು ಬಿಟ್ಟುಹೋದ ಪೂರ್ವನಿದರ್ಶನದ ತತ್ವವಂತೂ ನಮ್ಮ ರಸ್ತೆಬದಿಯಲ್ಲೇ ಪರಿಪೂರ್ಣವಾಗಿದೆ. "ಸಾರ್, ಮುಂದೆ ಹೋದವನ್ನ ಬಿಟ್ರಲ್ಲಾ?" ಇದು ತಿರಸ್ಕೃತವಾದರೆ ಮೊಬೈಲ್ ಚಾಚಿ, "ನಮ್ ಮಾವ ಮಾತಾಡ್ತಾರಂತೆ." ಇದು ಮೇಲ್ಮನವಿ.

ಚೌಕಾಸಿಯೂ ನಮ್ಮ ಸಂವಿಧಾನಕ್ಕೆ ಹೊರತಲ್ಲ. 2019ರಲ್ಲಿ ಕೇಂದ್ರ ಹೆಲ್ಮೆಟ್ ದಂಡವನ್ನು 1,000 ಎಂದಿತು. ಕರ್ನಾಟಕ 500 ಎಂದಿತು. ಗಾಂಧಿಬಜಾರಿನಲ್ಲಿ ಮಲ್ಲಿಗೆಯೂ ಹೀಗೇ ಕುದುರುತ್ತದೆ. 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಾಗ, ಜಪ್ಪಯ್ಯ ಎಂದರೂ ಕಟ್ಟದ ಜನ ಪಾಪಗಳಿಗೆ ಆಷಾಢ ಸೇಲ್ ಬಂದಂತೆ ಮುಗಿಬಿದ್ದು 100 ಕೋಟಿಗೂ ಮೀರಿ ಸುರಿದರು. ದಂಡನೀತಿಯ ಬಗ್ಗೆ ಅಷ್ಟೆಲ್ಲ ಬರೆದ ಕೌಟಿಲ್ಯನಿಗೆ ಇದೊಂದು ಹೊಳೆಯಲಿಲ್ಲ.

ಈಗೀಗ ಸಿದ್ಧಾಂತಕ್ಕೊಂದು ಬಲವಾದ ಆಕ್ಷೇಪ ಕಂಬ ಹತ್ತಿ ಕೂತಿದೆ: ಕ್ಯಾಮೆರಾ. ಅದು ಊಟಕ್ಕೆ ಹೋಗುವುದಿಲ್ಲ, "ಅಣ್ಣಾ" ಎಂದರೆ ಕರಗುವುದಿಲ್ಲ, ಮಾವನ ಫೋನಿಗೆ ಕಿವಿಯೇ ಇಲ್ಲ. ಇದಕ್ಕೆ ಪ್ರಬಂಧಕಾರನ ಬಳಿ ಸಮಾಧಾನವಿಲ್ಲ, ನೋಟಿಸ್ ಇದೆ. ಅದರಲ್ಲಿನ ಚಿತ್ರದಲ್ಲಿ ನನ್ನ ಮೊಣಕೈ ಅತ್ಯಂತ ಸುರಕ್ಷಿತವಾಗಿದೆ. ಮುಂದಿನ ರಿಯಾಯಿತಿ ಘೋಷಣೆಯಾಗುವವರೆಗೆ ಈ ಅಧ್ಯಾಯವನ್ನು ಬಾಕಿ ಇಡಲಾಗಿದೆ.