ಪ್ರಗತಿಯಲ್ಲಿರುವ ಕಾಮಗಾರಿ

ಸರ್ಕಾರಿ ಲೆಕ್ಕಪತ್ರ ಶಾಖೆಯಲ್ಲಿ ತಲೆ ಬೆಳ್ಳಗೆ ಮಾಡಿಕೊಂಡವನ ಕೈಗೆ ಖಾಲಿ ಹಾಳೆ ಸಿಕ್ಕರೆ ಅವನು ಕವಿತೆ ಬರೆಯುವುದಿಲ್ಲ, ಗೆರೆ ಹೊಡೆದು ಕಾಲಂ ಮಾಡುತ್ತಾನೆ. ನಿವೃತ್ತನಾದ ಮೇಲೆ ಆರೋಗ್ಯಕ್ಕೂ ಹವ್ಯಾಸಕ್ಕೂ ಸೇರಿಸಿ ನಾನೊಂದು ಪಟ್ಟಿ ಮಾಡಿದೆ. ಕ್ರಮಸಂಖ್ಯೆ, ಕಾಮಗಾರಿಯ ವಿವರ, ಅಂದಾಜು, ಗಡುವು, ಷರಾ. ಷರಾ ಕಾಲಮ್ಮನ್ನು ಮಾತ್ರ ಧಾರಾಳವಾಗಿ ಅಗಲ ಬಿಟ್ಟಿದ್ದೆ. ಕಚೇರಿಯ ಅನುಭವ ಇದ್ದವರೆಲ್ಲ ಹಾಗೇ ಬಿಡುತ್ತಾರೆ.

ಪಟ್ಟಿ ಹುಟ್ಟಿದ್ದು 2022ರ ಜೂನ್ ತಿಂಗಳಲ್ಲಿ. ಆ ವಾರ ನಮ್ಮ ಚಿಕ್ಕಬಾಣಾವರದ ಹೆಸರು ಪತ್ರಿಕೆಗಳಲ್ಲಿ ಬಂದಿತ್ತು, ಅದೂ ಒಳ್ಳೆಯ ಕಾರಣಕ್ಕೆ. ಜೂನ್ 20ರಂದು ಪ್ರಧಾನಿಯವರು ಕೊಮ್ಮಘಟ್ಟದಲ್ಲಿ ಬೆಂಗಳೂರಿನ ಉಪನಗರ ರೈಲಿಗೆ ಶಂಕುಸ್ಥಾಪನೆ ಮಾಡಿ, 40 ವರ್ಷ ನನೆಗುದಿಗೆ ಬಿದ್ದದ್ದನ್ನು 40 ತಿಂಗಳಲ್ಲಿ ಮುಗಿಸುತ್ತೇವೆ ಎಂದರು. ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂಬ ನಾಲ್ಕು ಮಾರ್ಗಗಳಲ್ಲಿ ಮಲ್ಲಿಗೆ ನಮ್ಮ ಪಾಲಿನದು. ಬೈಯಪ್ಪನಹಳ್ಳಿಯಿಂದ ಚಿಕ್ಕಬಾಣಾವರಕ್ಕೆ, 25 ಕಿಲೋಮೀಟರ್. ಮರುದಿನ ಯೋಗ ದಿನಾಚರಣೆ. ಮೈಸೂರು ಅರಮನೆಯ ಮುಂದೆ ಪ್ರಧಾನಿಯವರೂ ಸಾವಿರಾರು ಜನರೂ ಆಸನ ಹಾಕುತ್ತಿದ್ದುದನ್ನು ನಾನು ಸೋಫಾ ಎಂಬ ಆಸನದಲ್ಲಿ ಕೂತು, ಕಾಫಿಯ ಜೊತೆಗೆ ಚಕ್ಕುಲಿ ಕಡಿಯುತ್ತ ಟಿ.ವಿ.ಯಲ್ಲಿ ನೋಡಿದೆ. ಒಂದು ರೈಲು ಮಾರ್ಗಕ್ಕೆ ಸಾಕಾಗುವ ಕಾಲ ಒಂದು ಹೊಟ್ಟೆಗೆ ಸಾಲದೆ? ಲೆಕ್ಕ ಹಾಕಿದರೆ 2025ರ ಅಕ್ಟೋಬರ್ ಬಂತು. ಎಲ್ಲ ಬಾಬತ್ತಿಗೂ ಗಡುವಿನ ಕಾಲಮ್ಮಿನಲ್ಲಿ ಅದನ್ನೇ ಬರೆದೆ.

ಮೊದಲ ಕಾಮಗಾರಿ ದಿನಕ್ಕೆ 10,000 ಹೆಜ್ಜೆ. ಹೆಜ್ಜೆ ಎಣಿಸುವ ವಾಚನ್ನು ಮಗಳು ಕೊಡಿಸಿದಳು. ಸ್ಟೇಷನ್ ರಸ್ತೆ ಹಿಡಿದು, ಕೆರೆಯ ಕಡೆ ಹೋಗಿ, ಹೆಸರಘಟ್ಟ ಮುಖ್ಯರಸ್ತೆಗೆ ಬಂದು ಮನೆ ಸೇರುವುದು ನನ್ನ ದಾರಿ. ಗೊತ್ತಿದ್ದವರಿಗೆ ಗೊತ್ತು, ನಮ್ಮ ಕಡೆ ಮನೆಗಿಂತ ಪಿ.ಜಿ. ಹೆಚ್ಚು, ಪಿ.ಜಿ.ಗಿಂತ ತಿಂಡಿ ಅಂಗಡಿ ಹೆಚ್ಚು. ಇಂಜಿನಿಯರಿಂಗು, ನರ್ಸಿಂಗು ಓದಲು ಕೇರಳ, ನೇಪಾಳ, ಆಫ್ರಿಕಾದಿಂದೆಲ್ಲ ಮಕ್ಕಳು ಬಂದಿದ್ದಾರೆ. ಅವರಿಗೆ ಹಸಿವಾಗುವ ಹೊತ್ತೂ ನನ್ನ ವಾಕಿಂಗಿನ ಹೊತ್ತೂ ಒಂದೇ. ಒಂದು ಕಡೆ ಕಾವಲಿಯ ಮೇಲೆ ಪರೋಟ ಬಡಿಯುತ್ತಿರುತ್ತಾರೆ, ಪಕ್ಕದ ಬಾಣಲೆಯಲ್ಲಿ ಮೆಣಸಿನಕಾಯಿ ಬಜ್ಜಿ ತೇಲುತ್ತಿರುತ್ತದೆ. ನಡೆದು ಖರ್ಚು ಮಾಡಿದ್ದನ್ನು ಅದೇ ರಸ್ತೆಯಲ್ಲಿ, ಅದೇ ಸಂಜೆ ಭರ್ತಿ ಮಾಡಿಕೊಳ್ಳುವ ಇಂಥ ಅನುಕೂಲ ಸದಾಶಿವನಗರದವರಿಗಿಲ್ಲ.

ವಾಚಿನ ಗುಟ್ಟು ಬಯಲಾದದ್ದು ಅಡುಗೆಮನೆಯಲ್ಲಿ. ಒಂದು ದಿನ ಹಬ್ಬದ ಹೋಳಿಗೆಗೆ ಕಾಯಿ ತುರಿದುಕೊಡಿ ಎಂದಳು ನನ್ನಾಕೆ. ಈಳಿಗೆಮಣೆಯ ಮೇಲೆ ಕುಕ್ಕರಗಾಲಿನಲ್ಲಿ ಕೂತು ಹೋಳನ್ನು ತಿರುಗಿಸಿ ತಿರುಗಿಸಿ ತುರಿಯುತ್ತಿದ್ದಾಗ ಮಣಿಕಟ್ಟಿನ ಮೇಲೆ ಕಣ್ಣು ಬಿತ್ತು. ಅಂಕಿ ಏರುತ್ತಿತ್ತು! ಕೂತಲ್ಲೇ ಕೂತಿದ್ದ ನನ್ನನ್ನು ವಾಚು ಸ್ಟೇಷನ್ ದಾಟಿಸಿ ಕೆರೆ ಏರಿಯ ಮೇಲೆ ನಡೆಸುತ್ತಿತ್ತು. ಕೈ ಆಡಿದ್ದನ್ನೇ ಅದು ಹೆಜ್ಜೆ ಎಂದುಕೊಳ್ಳುತ್ತದಂತೆ. ಅಂದಿನಿಂದ ಮನೆಯ ಕಾಯಿ ತುರಿಯುವ ಶಾಖೆ ನನ್ನ ಸುಪರ್ದಿಗೆ ಬಂತು. ಮಳೆ ಬಂದ ದಿನ ಚಟ್ನಿ ಮಾಡೋಣ ಎಂದು ನಾನೇ ಸೂಚಿಸುತ್ತೇನೆ.

ಅಷ್ಟಾದರೂ ಹತ್ತು ಸಾವಿರ ಯಾರು ಗೊತ್ತು ಮಾಡಿದ್ದು ಎಂದು ಮೂಲ ಕಡತ ಹುಡುಕಿದೆ. ಲೆಕ್ಕ ತಪಾಸಣೆ ರಕ್ತದಲ್ಲಿದೆ, ಏನು ಮಾಡುವುದು. 1965ರಲ್ಲಿ ಜಪಾನಿನ ಯಮಾಸಾ ಎಂಬ ಕಂಪನಿ ಹೆಜ್ಜೆ ಎಣಿಸುವ ಯಂತ್ರವೊಂದನ್ನು ಮಾರುಕಟ್ಟೆಗೆ ಬಿಟ್ಟಾಗ ಅದಕ್ಕೆ ಇಟ್ಟ ಹೆಸರೇ ಹತ್ತು ಸಾವಿರ ಹೆಜ್ಜೆಯ ಮೀಟರು! ವೈದ್ಯರ ಚೀಟಿಯಲ್ಲ, ಅಂಗಡಿಯ ಬೋರ್ಡು. 2019ರಲ್ಲಿ ಹಾರ್ವರ್ಡ್‌ನ ಐ-ಮಿನ್ ಲೀ ಮತ್ತವರ ಸಂಗಡಿಗರು ಹದಿನಾರು ಸಾವಿರಕ್ಕೂ ಹೆಚ್ಚು ಹೆಂಗಸರ ಹೆಜ್ಜೆ ಎಣಿಸಿ, ದಿನಕ್ಕೆ 4,400 ಹೆಜ್ಜೆ ನಡೆಯುವವರಿಗೇ ಸಾಕಷ್ಟು ಲಾಭವಿದೆ, 7,500 ದಾಟಿದ ಮೇಲೆ ಲಾಭ ಹೆಚ್ಚುತ್ತ ಹೋಗುವುದಿಲ್ಲ ಎಂದು ವರದಿ ಮಾಡಿದರು. ತಕ್ಷಣ ಕೆಂಪು ಶಾಯಿಯಲ್ಲಿ ತಿದ್ದುಪಡಿ ಅಂದಾಜು 4,400 ಎಂದು ಬರೆದೆ. ಇವಳು ಕನ್ನಡಕ ಹಾಕಿಕೊಂಡು ವರದಿಯನ್ನು ನನಗಿಂತ ನಿಧಾನವಾಗಿ ಓದಿದಳು.

“ರೀ, ಇದು ಸರಾಸರಿ 72 ವರ್ಷದ ಅಜ್ಜಿಯರ ಲೆಕ್ಕ. ನೀವು ಅಜ್ಜಿ ಯಾವಾಗ ಆದ್ರಿ?”

ಷರಾ: ತಿದ್ದುಪಡಿಗೆ ಮೇಲಧಿಕಾರಿಗಳ ಒಪ್ಪಿಗೆ ದೊರೆತಿಲ್ಲ.

ಸಣ್ಣ ಬಾಬತ್ತುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ರಥಸಪ್ತಮಿಯ ದಿನ 108 ಸೂರ್ಯನಮಸ್ಕಾರ ಎಂಬುದು ಹನ್ನೆರಡರಂತೆ ಒಂಬತ್ತು ಕಂತಾಗಿ, ಮೊದಲ ಕಂತು ಪಾವತಿಯಾಗಿ, ಉಳಿದದ್ದು ಮುಂದಿನ ಮಾಘದ ಖಾತೆಗೆ ಹೋಗಿದೆ. ಪಕ್ಷಿ ವೀಕ್ಷಣೆಗೆಂದು ತೇಜಸ್ವಿಯವರ ‘ಕನ್ನಡ ನಾಡಿನ ಹಕ್ಕಿಗಳು’ ಹಿಡಿದು, ದುರ್ಬೀನು ತಗಲಿಸಿಕೊಂಡು ಕೆರೆಗೆ ಹೋದೆ. ಜೊಂಡಿನ ಮಧ್ಯೆ ಹಣೆಗೆ ಬಿಳಿ ನಾಮ ಹಾಕಿಕೊಂಡ ನಾಮದ ಕೋಳಿ ಕಂಡಿತು, ಕಲ್ಲಿನ ಮೇಲೆ ರೆಕ್ಕೆ ಹರವಿ ಒಣಗಿಸಿಕೊಳ್ಳುವ ನೀರುಕಾಗೆ ಕಂಡಿತು, ಅವೆರಡಕ್ಕಿಂತ ಮುಂಚೆ ಕೆರೆಯ ವಾಸನೆ ಮೂಗಿಗೆ ಬಂತು. ಈಗ ದುರ್ಬೀನು ಮಹಡಿಯಲ್ಲಿದೆ. ನೀರಿನ ಟ್ಯಾಂಕರು ಯಾವ ಅಡ್ಡರಸ್ತೆಗೆ ತಿರುಗಿತು ಎಂದು ನೋಡಲು ಇಡೀ ಬೀದಿಗೇ ಉಪಯೋಗವಾಗುತ್ತಿದೆ.

ಸೈಕಲ್ಲಿನ ಕಥೆ ಮಾತ್ರ ವಿವರವಾಗಿ ಹೇಳಲೇಬೇಕು. ಭಾನುವಾರ ಬೆಳಕು ಹರಿಯುವ ಮೊದಲೇ ಬಿಗಿಯಾದ ಚಡ್ಡಿ, ಬಣ್ಣದ ಹೆಲ್ಮೆಟ್ ತೊಟ್ಟ ಹುಡುಗರು ಹೆಸರಘಟ್ಟದ ಕಡೆ ಸೈಕಲ್ಲಿನಲ್ಲಿ ಹಾರಿಹೋಗುವುದನ್ನು ನೋಡಿ ನನ್ನ ಪಟ್ಟಿಗೂ ಅದು ಸೇರಿತ್ತು. ನಮ್ಮಿಂದ ಹತ್ತು ಹನ್ನೆರಡು ಕಿಲೋಮೀಟರು. ಹೊರಡುವ ಮೊದಲು ಇತಿಹಾಸ ಓದಿಕೊಂಡೆ, ಅದೇ ತೊಂದರೆಯಾಯಿತು. 1894ರಲ್ಲಿ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, ಅರ್ಕಾವತಿಗೆ ಹೆಸರಘಟ್ಟದಲ್ಲಿ ಕೆರೆ ಕಟ್ಟಿ ಬೆಂಗಳೂರಿಗೆ ನೀರು ತಂದರು. ಕೆರೆಯ ನೀರು ಇಟ್ಟಿಗೆಯ ಕಾಲುವೆಯಲ್ಲಿ ತನ್ನಷ್ಟಕ್ಕೆ ನಮ್ಮ ಸೋಲದೇವನಹಳ್ಳಿಯ ತನಕ ಹರಿದು ಬರುತ್ತಿತ್ತು. ನೀರು ತನ್ನಷ್ಟಕ್ಕೆ ಬಂತು ಎಂದರೆ ಇಳಿಜಾರು ಎಂದಾಯಿತು. ಹೋಗುವಾಗ ಕೊಂಚ ಕಷ್ಟ, ಬರುವಾಗ ಕಾಲು ಮೇಲೆತ್ತಿ ಕೂತರೆ ಸಾಕು ಎಂದು ಮಾರ್ಗನಕ್ಷೆ ತಯಾರಿಸಿದೆ. ಸೋಲದೇವನಹಳ್ಳಿಯಿಂದ ಮುಂದಕ್ಕೆ ಆ ನೀರನ್ನು ತಳ್ಳಲು ಹಬೆಯ ಪಂಪುಗಳನ್ನು ಹೂಡಬೇಕಾಯಿತು ಎಂಬ ಸಾಲು ಮುಂದಿನ ಪುಟದಲ್ಲಿತ್ತು. ಕಾಲುವೆ ಕಟ್ಟಿದವರು ನೆಲದ ಮಟ್ಟ ನೋಡಿ ಕಟ್ಟಿದ್ದರು, ರಸ್ತೆ ಮಾಡಿದವರು ಹಾಗೇನೂ ನೋಡಿರಲಿಲ್ಲ. ಉಬ್ಬು ಹತ್ತಿದರೆ ತಗ್ಗು, ತಗ್ಗು ಇಳಿದರೆ ಇನ್ನೊಂದು ಉಬ್ಬು.

ಸಿಲ್ವೇಪುರ ದಾಟುವ ಹೊತ್ತಿಗೆ ಸೀಟಿನ ಮೇಲೆ ಕೂರುವುದೂ ಕಷ್ಟ, ಇಳಿಯುವುದು ಇನ್ನೂ ಕಷ್ಟ. ಹೇಗೋ ನೃತ್ಯಗ್ರಾಮದ ತನಕ ಹೋದೆ. ಪ್ರೊತಿಮಾ ಬೇಡಿ 1990ರಲ್ಲಿ ಕಟ್ಟಿದ ಊರು ಅದು. ಗೋಡೆಯ ಆಚೆ ಒಡಿಸ್ಸಿ ಕಲಿಯುವವರು ಮೊಣಕಾಲು ಮಡಿಸಿ ಗಂಟೆಗಟ್ಟಲೆ ನಿಲ್ಲುತ್ತಾರೆ. ಗೋಡೆಯ ಈಚೆ, ಮೊಣಕಾಲು ಮಡಿಸಲಾರದವನೊಬ್ಬ ಸೈಕಲ್ಲಿಗೆ ಒರಗಿಕೊಂಡು ಬೆವರು ಒರೆಸುತ್ತಿದ್ದ.

ವಾಪಸು ಬಂದದ್ದು ಟೊಮೆಟೊ ಕ್ರೇಟುಗಳನ್ನು ಹೇರಿದ ಟಾಟಾ ಏಸ್‌ನಲ್ಲಿ. ಸೈಕಲ್ಲನ್ನು ಹಿಂದೆ ಹಗ್ಗದಿಂದ ಬಿಗಿದು ಡ್ರೈವರ್ ಕೇಳಿದ, “ಸಾರ್, ಸೈಕಲ್ ತುಳಿಯಕ್ ಬಂದ್ರಾ, ಸೈಕಲ್‌ನ ಸುತ್ತಾಡ್ಸಕ್ ಬಂದ್ರಾ?” ಮಾತು ಬದಲಿಸಲು ಟೊಮೆಟೊ ವಿಷಯ ಎತ್ತಿದೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ತಮ್ಮ ತಳಿಗಳಿಗೆಲ್ಲ ಅರ್ಕಾವತಿಯ ನೆನಪಿಗೆ ‘ಅರ್ಕಾ’ ಎಂದೇ ಹೆಸರಿಡುತ್ತಾರೆ, ಟೊಮೆಟೊದಲ್ಲಿ ಅರ್ಕಾ ರಕ್ಷಕ್ ಎಂಬುದಿದೆ ಎಂದೆ. “ಇವತ್ತು ನಿಮ್ಗೂ ಅದೇ ರಕ್ಷಕ್ ಬಿಡಿ ಸಾರ್” ಎಂದ.

ಇಷ್ಟರ ಮಧ್ಯೆ ಒಂದೇ ಒಂದು ಕಾಮಗಾರಿ ಪೂರ್ಣಗೊಂಡಿತು. ಶಿವಗಂಗೆ. ತುಮಕೂರು ಕಡೆಯ ರೈಲು ಹತ್ತಿ ನಿಡವಂದದಲ್ಲಿಳಿದು ಬೆಟ್ಟ ಸೇರಿದೆ. ಅಭಿಷೇಕದ ತುಪ್ಪ ಬೆಣ್ಣೆಯಾಗುವ ಕ್ಷೇತ್ರವೆಂದು ಪ್ರಸಿದ್ಧಿ, ನಾನು ಹೋದದ್ದು ಮೈಯ ಬೆಣ್ಣೆ ಕರಗಿಸಲು. ಒಳಕಲ್ಲು ತೀರ್ಥದಲ್ಲಿ ಕೈ ಬಿಟ್ಟೆ, ನೀರು ಸಿಕ್ಕಿತು. ಕಂಬಿ ಹಿಡಿದು, ಕೋತಿಗಳಿಗೆ ಬಿಸ್ಕತ್ತಿನ ಪೊಟ್ಟಣ ಒಪ್ಪಿಸಿ, ನೆತ್ತಿಯನ್ನೂ ಮುಟ್ಟಿದೆ. ಮನೆಗೆ ಬಂದು ಷರಾದಲ್ಲಿ ‘ಪೂರ್ಣಗೊಂಡಿದೆ’ ಎಂದು ಬರೆದು, ತಾರೀಕು ಹಾಕಿ ಸಹಿ ಮಾಡಿದೆ. ಅಲ್ಲಿಗೆ ನನ್ನ ಬೆಟ್ಟ ಹತ್ತುವಿಕೆ ಮುಗಿಯಿತು. ಆಮೇಲೆ ಮಹಡಿಯ ಮೆಟ್ಟಿಲು ಕೂಡ ಕೆಲಸವಿದ್ದರಷ್ಟೇ. ಇದು ಸೋಮಾರಿತನವಲ್ಲ, ಆರ್ಥಿಕ ನಿಯಮ. ಮುಗಿದ ಕಾಮಗಾರಿಗೆ ಮರುವರ್ಷ ಅನುದಾನ ಬಿಡುಗಡೆಯಾಗುವುದಿಲ್ಲ. ಹಣವಾಗಲಿ ಬೆವರಾಗಲಿ ಹರಿಯುವುದು ಪ್ರಗತಿಯಲ್ಲಿರುವ ಕಾಮಗಾರಿಗೆ ಮಾತ್ರ. ನನ್ನ ಬ್ಯಾಚಿನವರೊಬ್ಬರು ಹತ್ತು ಕಿಲೋಮೀಟರ್ ಓಟ ಓಡಿ, ಪದಕವನ್ನು ಷೋಕೇಸಿಗೆ ಹಾಕಿ, ಈಗ ಅದರ ಮುಂದೆಯೇ ಕೂತು ದಿನವಿಡೀ ಸೀರಿಯಲ್ ನೋಡುತ್ತಾರೆ.

2025ರ ಅಕ್ಟೋಬರ್ ಬಂದು ಹೋಯಿತು. ಮಲ್ಲಿಗೆ ಮಾರ್ಗದಲ್ಲಿ ರೈಲು ಓಡಲಿಲ್ಲ, ನನ್ನ ಪಟ್ಟಿಯಲ್ಲೂ ಶಿವಗಂಗೆ ಬಿಟ್ಟರೆ ಉಳಿದೆಲ್ಲ ಕಂಬ ಎಬ್ಬಿಸಿದ ಹಂತದಲ್ಲಿತ್ತು. ಅಲ್ಲಿಯೂ ಗಡುವು ಮುಂದೆ ಹೋಯಿತು, ಇಲ್ಲಿಯೂ ಹೋಯಿತು. ಇದನ್ನು ಅಣಕವೆಂದು ತಿಳಿಯಬೇಡಿ. ಗಡುವು ವಿಸ್ತರಣೆಯ ಟಿಪ್ಪಣಿ ಬರೆಯುವುದೇ ವೃತ್ತಿಯಾಗಿದ್ದವನಿಗೆ ಮತ್ತೊಬ್ಬರ ವಿಸ್ತರಣೆಯನ್ನು ಕಂಡರೆ ಆಗುವುದು ಬಂಧುಭಾವ.

ಪಟ್ಟಿಯಲ್ಲಿ ಅತ್ಯಂತ ಆರೋಗ್ಯವಾಗಿರುವ ಬಾಬತ್ತು ಕೊಳಲು. ಏಕೆಂದರೆ ಅದು ಮುಗಿಯುವ ಯಾವ ಲಕ್ಷಣವೂ ಇಲ್ಲ. ಗುರು, ಎದುರಿನ ಪಿ.ಜಿ.ಯಲ್ಲಿರುವ ಸಾಗರದ ಕಡೆಯ ಹುಡುಗ, ಇಂಜಿನಿಯರಿಂಗ್ ವಿದ್ಯಾರ್ಥಿ. ಮೊದಲ ಪಾಠದಲ್ಲಿ ಸ್ವರವೇ ಬರಲಿಲ್ಲ, ಗಾಳಿ ಮಾತ್ರ ಬಂತು. “ಅಂಕಲ್, ತುಟಿ ಬಿಗಿ ಮಾಡ್ಬೇಡಿ, ಎಳನೀರಿನ ಬುರುಡೆಗೆ ಊದ್ತೀವಲ್ಲ, ಹಾಗೆ” ಎಂದ. ಊದಿ ಊದಿ ತಲೆ ತಿರುಗಿ ಗೋಡೆ ಹಿಡಿದುಕೊಂಡೆ. ಮಾಯಾಮಾಳವಗೌಳದ ಸರಳೆ ವರಸೆಗೆ ಬರುವಷ್ಟರಲ್ಲಿ ಋತುಗಳು ಸರಿದವು. ಷಡ್ಜ ಹಿಡಿದರೆ ಬೆರಳು ಒಂದು ರಂಧ್ರ ತಪ್ಪಿಸುತ್ತದೆ, ಬೆರಳು ಸರಿಹೋದರೆ ಉಸಿರು ಕೈಕೊಡುತ್ತದೆ. ಮೇಲಿನ ಸ್ಥಾಯಿಗೆ ಹೋದರೆ ಅಪಾಯ ಬೇರೆ. ಒಮ್ಮೆ ನಾನು ತಾರಷಡ್ಜ ಹಿಡಿದದ್ದನ್ನು ಇವಳು ಕುಕ್ಕರಿನ ಕೂಗೆಂದು ಎಣಿಸಿ ಒಲೆ ಆರಿಸಿಬಿಟ್ಟಳು. ಅವತ್ತು ಸಾರಿನಲ್ಲಿ ಬೇಳೆ ಬೇರೆ, ನೀರು ಬೇರೆ.

ಆಮೇಲಿಂದ ಅಭ್ಯಾಸದ ಸಮಯ ರೈಲ್ವೆ ವೇಳಾಪಟ್ಟಿಗೆ ಹೊಂದಿಕೊಂಡಿದೆ. ನಮ್ಮದು ಜಂಕ್ಷನ್ನು, ತುಮಕೂರಿನ ದಾರಿಯೂ ಹಾಸನದ ದಾರಿಯೂ ಇಲ್ಲೇ ಕವಲೊಡೆಯುವುದು. ಗಾಡಿ ಬಂದು ಹಾರನ್ ಹಾಕಿದೊಡನೆ ನಾನು ಮೇಲಿನ ಸ್ಥಾಯಿಗೆ ಏರುತ್ತೇನೆ, ಕೊನೆಯ ಬೋಗಿ ದಾಟುವುದರೊಳಗೆ ಮಂದ್ರಕ್ಕೆ ಇಳಿಯುತ್ತೇನೆ. 2017ರಲ್ಲಿ ಹಾಸನದ ಮಾರ್ಗ ತೆರೆದ ಮೇಲೆ ನನ್ನಂಥ ಕಲಾಸಾಧಕರಿಗೆ ಅವಕಾಶಗಳು ಹೆಚ್ಚಿವೆ. ಗೂಡ್ಸ್ ಬಂದರಂತೂ ಒಂದು ಇಡೀ ವರಸೆ ಮುಗಿಸಬಹುದು.

ಮೊನ್ನೆ ಗುರುವಿನ ಕೊನೆಯ ಸೆಮಿಸ್ಟರ್ ಮುಗಿಯಿತು. ಪುಣೆಯಲ್ಲಿ ಕೆಲಸ ಸಿಕ್ಕಿದೆ. ಸೂಟ್‌ಕೇಸು ಹಿಡಿದು ಹೇಳಿಹೋಗಲು ಬಂದವನಿಗೆ ಇವಳು ಬಾಳೆಹಣ್ಣು, ಎಲೆಅಡಿಕೆ, ಒಂದು ಅಂಗಿಬಟ್ಟೆ ಕೊಟ್ಟಳು. ಹುಡುಗ ಇಬ್ಬರ ಕಾಲಿಗೂ ನಮಸ್ಕಾರ ಮಾಡಿ ಎದ್ದು, ಹಿಂದೆ ನಿಂತಿದ್ದ ಕನ್ನಡಕದ ಇನ್ನೊಬ್ಬ ಹುಡುಗನನ್ನು ಮುಂದಕ್ಕೆ ತಳ್ಳಿದ.

“ಅಂಕಲ್, ಇವ್ನು ನನ್ ಜೂನಿಯರ್. ನನಗಿಂತ ಚೆನ್ನಾಗಿ ನುಡಿಸ್ತಾನೆ. ಇನ್ನೂ ಮೂರು ವರ್ಷ ಇಲ್ಲೇ ಇರ್ತಾನೆ. ನಿಮಗೆ ಅಷ್ಟು ಸಾಕಾಗುತ್ತಲ್ವಾ?”

ನಾನು ಬಾಯಿ ತೆಗೆಯುವಷ್ಟರಲ್ಲಿ ಇವಳು ಉತ್ತರ ಕೊಟ್ಟಳು.

“ಸಾಲಲ್ಲಪ್ಪ. ಪಿಎಚ್.ಡಿ. ಮಾಡೋರು ಯಾರಾದ್ರೂ ಇದ್ರೆ ನೋಡು.”