384 ಮಂದಿಯ ಚೆನ್ನೈ

ಚೆನ್ನೈನಲ್ಲಿ ಫೆಬ್ರವರಿ ಮುಗಿಯಿತೆಂದರೆ ಬಿಸಿಲಿನ ಜೊತೆ ಗೂಗಲ್ ಫಾರ್ಮುಗಳೂ ಏರತೊಡಗುತ್ತವೆ. ಎಂಬಿಎ ಮಕ್ಕಳ ಪ್ರಾಜೆಕ್ಟಿನ ಕಾಲ. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪು, ವಾಕಿಂಗ್ ಗುಂಪು, ಕನ್ನಡಿಗರ ಗುಂಪು, ಎಲ್ಲೆಡೆ ಒಂದೇ ಗೋಗರೆತ: "ದಯವಿಟ್ಟು ಎರಡೇ ನಿಮಿಷ." ಬಿಚ್ಚಿ ನೋಡಿದರೆ 40 ಪ್ರಶ್ನೆ.

ನಮ್ಮ ತಂಗಿಯ ಮಗಳೂ ಈ ಸಲ ಆ ದಂಡಿನಲ್ಲಿದ್ದಾಳೆ. ವಿಷಯ: ಆನ್‌ಲೈನ್‌ನಲ್ಲಿ ದಿನಸಿ ಕೊಳ್ಳುವವರ ತೃಪ್ತಿ, "ವಿತ್ ಸ್ಪೆಷಲ್ ರೆಫರೆನ್ಸ್ ಟು ಚೆನ್ನೈ ಸಿಟಿ". ಈ ಬಾಲವಿಲ್ಲದ ಪ್ರಾಜೆಕ್ಟನ್ನು ನಾನಂತೂ ಈ ಊರಲ್ಲಿ ಕಂಡಿಲ್ಲ.

"ಎಷ್ಟು ಜನರನ್ನ ಕೇಳ್ತೀಯಮ್ಮ?"

"384, ಮಾವ."

"ಅದೇನು ಅಷ್ಟು ಕರಾರುವಾಕ್ಕು?"

"ಟೇಬಲ್ ಇದೆ ಮಾವ."

ಇರುವುದು ನಿಜ. 1970ರಲ್ಲಿ ಕ್ರೆಜ್ಸಿ ಮತ್ತು ಮಾರ್ಗನ್ ಎಂಬ ಅಮೆರಿಕದ ಇಬ್ಬರು ಪ್ರಕಟಿಸಿದ ಕೋಷ್ಟಕ. ಸಾವಿರ ಜನರಿದ್ದರೆ 278 ಮಂದಿಯನ್ನು ಕೇಳಿ, ಹತ್ತು ಲಕ್ಷವಿದ್ದರೆ 384 ಸಾಕು. ಆಮೇಲೆ ಊರು ಎಷ್ಟು ಬೆಳೆದರೂ ಸಂಖ್ಯೆ ಅಲ್ಲೇ ಕೂತಿರುತ್ತದೆ. ಲೆಕ್ಕದಲ್ಲಿ ಕೊಂಕಿಲ್ಲ. ಷರತ್ತು ಒಂದೇ: ಆ 384 ಮಂದಿಯನ್ನು ಚೀಟಿ ಎತ್ತಿ ಆರಿಸಿರಬೇಕು. ವ್ಯಾಸರ್ಪಾಡಿಯ ಬಡವನಿಗೂ ಬೋಟ್ ಕ್ಲಬ್ ರಸ್ತೆಯ ಸಿರಿವಂತನಿಗೂ ಸಿಕ್ಕಿಬೀಳುವ ಅವಕಾಶ ಸಮನಾಗಿರಬೇಕು. ನಮ್ಮ ಮಕ್ಕಳು ಸಂಖ್ಯೆಯನ್ನು ಕಚ್ಚಿ ಹಿಡಿದಿದ್ದಾರೆ, ಷರತ್ತನ್ನು ಪುಸ್ತಕದಲ್ಲೇ ಬಿಟ್ಟಿದ್ದಾರೆ.

ಇವಳ 384ರಲ್ಲಿ ಮುಕ್ಕಾಲು ಪಾಲು ಹಾಸ್ಟೆಲ್ಲಿನವರೇ. ಅವರ ಫಾರ್ಮನ್ನು ಇವಳು ತುಂಬುತ್ತಾಳೆ, ಇವಳದನ್ನು ಅವರು. ಊರ ಕಡೆ ನಾಟಿಗೆ ಮುಯ್ಯಾಳು ಹೋಗುತ್ತಾರಲ್ಲ, ಹಾಗೆ. ಒಂದೇ ತಿಂಗಳಲ್ಲಿ ಆ ಹುಡುಗಿಯರು ಕಾರು ಕೊಂಡ ಗ್ರಾಹಕರಾಗುತ್ತಾರೆ, ವಿಮೆ ಮಾಡಿಸಿದ ಗೃಹಸ್ಥರಾಗುತ್ತಾರೆ, ಒರಗಡಂ ಕಾರ್ಖಾನೆಯ ಅತೃಪ್ತ ಕಾರ್ಮಿಕರೂ ಆಗುತ್ತಾರೆ. ಪ್ರಬಂಧದಲ್ಲಿ ಇದು "ಕನ್ವೀನಿಯನ್ಸ್ ಸ್ಯಾಂಪ್ಲಿಂಗ್". ಇಡೀ ಪ್ರಬಂಧದಲ್ಲಿ ಇದೊಂದೇ ಪ್ರಾಮಾಣಿಕ ಮಾತು ಅನ್ನಿ.

ಉತ್ತರಗಳು 1932ರಲ್ಲಿ ಈ ಅಳತೆ ರೂಪಿಸಿದ ಲಿಕರ್ಟ್ ಸಾಹೇಬರ ಕೃಪೆ: "ಪೂರ್ತಿ ಒಪ್ಪುತ್ತೇನೆ"ಯಿಂದ "ಸುತರಾಂ ಒಪ್ಪುವುದಿಲ್ಲ"ದವರೆಗೆ ಐದು ಗುಂಡಿ. ಬೇಸತ್ತ ಒಬ್ಬಳು ಪ್ರಶ್ನೆ ಓದದೆ ನಾಲ್ಕನೆಯದನ್ನೇ ಒತ್ತುತ್ತಾ ಹೋಗುತ್ತಾಳೆ, ಇನ್ನೊಬ್ಬಳು ಎರಡನೆಯದನ್ನೇ. ಮಜಾ ಏನು ಗೊತ್ತೇ? ಇಂಥವರು ಹೆಚ್ಚಿದಷ್ಟೂ ಕ್ರಾನ್‌ಬಾಕ್ ಆಲ್ಫಾ ಏರುತ್ತದೆ. ಉತ್ತರಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ಅಳೆಯುವ ಅಂಕಿ ಅದು, 0.7 ದಾಟಿದರೆ ಗೈಡಿಗೆ ಸಮಾಧಾನ. ಇವಳದು 0.9 ದಾಟಿದೆ. "ನೋಡಿ ಮಾವ, ಎಷ್ಟು ರಿಲಯಬಲ್!" ಸೋಮಾರಿತನವನ್ನು ನಂಬಬಹುದು, ನಾನು ಇಲ್ಲವೆನ್ನುವುದಿಲ್ಲ.

ಇದೇ ಊರಿನ ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ಗಿಲ್ಬರ್ಟ್ ಸ್ಲೇಟರ್ ಎಂಬ ಅರ್ಥಶಾಸ್ತ್ರದ ಪ್ರೊಫೆಸರ್ ಇದ್ದರು. 1916ರಲ್ಲಿ ಪ್ರಶ್ನಾವಳಿ ಕೈಗೆ ಕೊಟ್ಟು ವಿದ್ಯಾರ್ಥಿಗಳನ್ನು ಹಳ್ಳಿಗಳಿಗೆ ಓಡಿಸಿದರು: ಹೊಲ ಯಾರದು, ಸಾಲ ಎಷ್ಟು, ಕೂಲಿ ಏನು, ಕೇಳಿಕೊಂಡು ಬನ್ನಿ. 1918ರಲ್ಲಿ ಅದು ಪುಸ್ತಕವಾಯಿತು. ಆ ಹಳ್ಳಿಗಳಿಗೆ 1930ರ ದಶಕದಲ್ಲಿ ಬೇರೆ ಸಂಶೋಧಕರು ಮತ್ತೆ ಹೋದರು, ಆಮೇಲೂ ಹೋದರು. ಅದರಲ್ಲೊಂದು ಇರುವೇಲ್ಪಟ್ಟಿಗೆ 2008ರಲ್ಲೂ. ನಮ್ಮ ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರದು ಇನ್ನೊಂದು ಕಥೆ. 1948ರಲ್ಲಿ ತಾವು ರಾಮಪುರ ಎಂದು ಕರೆದ ಹಳ್ಳಿಯಲ್ಲಿ ಬೀಡುಬಿಟ್ಟು ಕಲೆಹಾಕಿದ್ದನ್ನು ತಿದ್ದಿ ತೀಡಿ ಇಟ್ಟುಕೊಂಡಿದ್ದ ಟಿಪ್ಪಣಿಗಳು 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿಗೆ ತುತ್ತಾದವು. ಬಹುಪಾಲು ನೆನಪನ್ನೇ ನೆಚ್ಚಿ "ದಿ ರಿಮೆಂಬರ್ಡ್ ವಿಲೇಜ್" ಬರೆದರು. ಇವಳ ಲ್ಯಾಪ್‌ಟಾಪ್ ಸುಟ್ಟುಹೋದರೆ ನೆನಪಿಗೆ ಬರುವುದೇನು? ನಾಲ್ಕನೆಯ ಗುಂಡಿ.

ಇಷ್ಟೂ ಹೇಳಿದೆ. ಅವಳು ಮೊಬೈಲ್ ನೋಡುತ್ತಲೇ ಕೇಳಿದಳು: "ಸ್ಲೇಟರ್ ಹುಡುಗರಿಗೆ ಪ್ಲೇಸ್‌ಮೆಂಟ್ ಇಂಟರ್‌ವ್ಯೂ ಇತ್ತಾ ಮಾವ?"

"ಹೋಗಲಿ, ಮೈಲಾಪುರದ ಮಾಡ ಬೀದಿಗೆ ಹೋಗು. ತರಕಾರಿ ಕೊಳ್ಳೋಕೆ ಬಂದ ಹತ್ತು ಜನ ಹೆಂಗಸರನ್ನ ನಿಲ್ಲಿಸಿ, ಫೋನಲ್ಲಿ ಯಾಕೆ ತರಿಸಲ್ಲ ಅಂತ ಕೇಳು."

"ಹತ್ತೇ ಜನಾನಾ? ಟಿ-ಟೆಸ್ಟ್ ಹೆಂಗೆ ಮಾಡ್ಲಿ?"

"ಟಿ-ಟೆಸ್ಟ್ ಹುಟ್ಟಿದ್ದೇ ಸಣ್ಣ ಸ್ಯಾಂಪಲ್‌ಗೆ ಕಣಮ್ಮ. 1908ರಲ್ಲಿ ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಂಪನಿಯ ಗಾಸೆಟ್ ಅನ್ನೋನು 'ಸ್ಟೂಡೆಂಟ್' ಅಂತ ಹೆಸರಿಟ್ಟುಕೊಂಡು ಬರೆದದ್ದು."

ಈಗ ತಲೆ ಎತ್ತಿದಳು. "ಬಿಯರ್ ಕಂಪನೀನಾ? ವೈವಾದಲ್ಲಿ ಹೇಳಬಹುದಾ ಮಾವ?"